ಹಣೆಯಲ್ಲಿ ಬೂದಿ, ಬಾಯಲ್ಲಿ ಮಂಡಕ್ಕಿ

ವಿಭೂತಿ ಬುಧವಾರ ಚಿತ್ರದುರ್ಗದ ಚರ್ಚಿನಲ್ಲಿ ಹಣೆಗೆ ಬೂದಿ ಹಚ್ಚಿಸಿಕೊಂಡು ತಾಳ್ಯಕ್ಕೆ ಬಸ್ಸು ಹತ್ತಿದೆ. ಹಿಂದಿನ ವರ್ಷದ ಗರಿಗಳ ಭಾನುವಾರದ ಗರಿಗಳನ್ನು ಸುಟ್ಟು ಮಾಡುವ ಬೂದಿ ಅದು. ನೀನು ಬರೀ ಮಣ್ಣು ಎಂದು ನೆನಪಿಸುವುದಕ್ಕೆ. ನನಗೋ, ನಾನೆಂಥ ಭಕ್ತ ಎಂದು ಊರಿಗೆ ನೆನಪಿಸುವುದಕ್ಕೆ! ಉಪವಾಸವಿದ್ದಾಗ ಮುಖ ಬಾಡಿಸಿಕೊಂಡು ತೋರಿಸಿಕೊಳ್ಳಬೇಡಿ ಎಂದು ಯೇಸು ಹೇಳಿದ್ದು ಮತ್ತಾಯನ 6ನೇ ಅಧ್ಯಾಯದಲ್ಲಿದೆ. ಅವತ್ತು ಪೂಜೆಯಲ್ಲಿ ಓದುವುದೂ ಅದನ್ನೇ. ಅದನ್ನು ಕೇಳಿಸಿಕೊಂಡೇ ಬಂದವನು, ಕಿಟಕಿಯ ಗಾಳಿಗೆ ಬೂದಿ ಹಾರದಂತೆ ದಾರಿಯುದ್ದಕ್ಕೂ ಕತ್ತು ವಾರೆ ಮಾಡಿ ಕೂತಿದ್ದೆ. ಕತ್ತು ಇನ್ನೂ ನೆಟ್ಟಗಾಗಿಲ್ಲ.

ಇಳಿದ ಕೂಡಲೇ ಮಂಡಕ್ಕಿ ಅಂಗಡಿಗೆ ನುಗ್ಗಿದೆ. ಅಂಗಡಿಯ ಅಜ್ಜ, “ಇದೇನಪ್ಪಾ, ನೀನೂ ಈಬತ್ತಿ ಹಚ್ಚಿದೀಯಾ? ಯಾವ ಮಠಕ್ಕೆ ಹೋಗಿದ್ದೆ? ಮೂರು ಗೆರೆ ಎಳೆಯೋಕೆ ಬೂದಿ ಸಾಲಲಿಲ್ವಾ?” ಅಂದ.

“ಇದು ಶಿಲುಬೆ ಅಜ್ಜಾ. ಈಸ್ಟರ್‌ವರೆಗೆ ಭಾನುವಾರ ಬಿಟ್ಟು 40 ದಿನ ತಪಸ್ಸುಕಾಲ. ಇವತ್ತಂತೂ ಉಪವಾಸ” ಎಂದು ಉಪದೇಶಕ್ಕಿಳಿದೆ. ಬಾಯಿ ತುಂಬ ಮಂಡಕ್ಕಿ ಇದ್ದುದರಿಂದ ‘ಉಪವಾಸ’ ಅನ್ನೋದು ಮಾತ್ರ ಸರಿಯಾಗಿ ಹೊರಡಲಿಲ್ಲ. ಕೈಯಲ್ಲಿ ಎರಡನೇ ಮೆಣಸಿನಕಾಯಿ ಬೇರೆ.

“ಬಿಡಪ್ಪಾ, ನನ್ನ ಮೊಮ್ಮಗನೂ ಶಿವರಾತ್ರೀಲಿ ಹಿಂಗೇ” ಎಂದು ಅಜ್ಜ ಸಮಾಧಾನ ಹೇಳಿದ. ಸರ್ವಧರ್ಮ ಸಮನ್ವಯ ಇಷ್ಟು ಹತ್ತಿರದಲ್ಲಿದೆ ಎಂದು ನನಗೆ ಗೊತ್ತಿರಲಿಲ್ಲ. ಆಮೇಲೆ ಸಾಲದ ಪುಸ್ತಕ ತೆಗೆದು ನನ್ನ ಹೆಸರಿನ ಮುಂದೆ ಮೂರು ಮೆಣಸಿನಕಾಯಿ ಎಂದು ಬರೆದುಕೊಂಡ.