ಅರಕೇರಾ–ರಾಯಚೂರು ಗಗನಮಾರ್ಗ ಮೀಮಾಂಸೆ

ಎರಡು ಊರುಗಳ ಹೆಸರು ಕೊಟ್ಟರೆ ಅವುಗಳ ನಡುವಿನ ಆಕಾಶದೂರವನ್ನೂ ವಿಮಾನ ಹಾರುವ ಹೊತ್ತನ್ನೂ ಹೇಳಿಬಿಡುವ ಶಾಸ್ತ್ರ ಈಗ ಮೊಬೈಲಿನಲ್ಲೇ ಸಿಗುತ್ತದೆ. ಆ ಊರುಗಳಲ್ಲಿ ವಿಮಾನ ನಿಲ್ದಾಣ ಇದೆಯೋ ಇಲ್ಲವೋ ಎಂಬ ಕ್ಷುಲ್ಲಕ ವಿಚಾರಕ್ಕೆ ಅದು ಕೈಹಾಕುವುದಿಲ್ಲ. ಹಾಗಾಗಿ ಅರಕೇರಾದಿಂದ ರಾಯಚೂರಿಗೆ ವಿಮಾನಯಾನವನ್ನು ನಿರ್ಭಯವಾಗಿ ಚರ್ಚಿಸಬಹುದು.

ಮೊದಲು ದೂರ. ಲೆಕ್ಕ ಸಲೀಸಾಗಲೆಂದು 50 ಕಿ.ಮೀ. ಎಂದು ಹಿಡಿಯೋಣ. ಭೂಮಿ ಗುಂಡಗಿದೆ, ತ್ರಿಜ್ಯ ಸರಾಸರಿ 6,371 ಕಿ.ಮೀ.; ಆದ್ದರಿಂದ ಮಹಾವೃತ್ತದ ಕಮಾನಿನ ಮೇಲೆಯೇ ಅಳೆಯಬೇಕೆಂದು ವಿದ್ವಾಂಸರ ಹಟ. ಕಮಾನು ಬಿಟ್ಟು ಭೂಮಿಯೊಳಗೆ ನೇರ ಸುರಂಗ ಕೊರೆದರೆ ಉಳಿಯುವ ದೂರ ಸುಮಾರು 13 ಸೆಂಟಿಮೀಟರ್, ಒಂದು ಗೇಣಿಗೂ ಕಡಿಮೆ. ಇಷ್ಟಕ್ಕೆ ಸುರಂಗ ಬೇಡವೆಂಬುದು ಈ ಲೇಖಕನ ಸವಿನಯ ಮತ.

ಇನ್ನು ಕಾಲ. ಗಂಟೆಗೆ 800 ಕಿ.ಮೀ. ವೇಗದಲ್ಲಿ ಮೂರೂಮುಕ್ಕಾಲು ನಿಮಿಷ. ಏರುವುದಕ್ಕೆ, ಇಳಿಯುವುದಕ್ಕೆ ಅರ್ಧ ಗಂಟೆ ಸೇರಿಸುವುದು ರೂಢಿ. ಮದುವೆಯಲ್ಲಿ ತಾಳಿ ಕಟ್ಟುವ ಹೊತ್ತಿಗೂ ಉಳಿದ ಗದ್ದಲಕ್ಕೂ ಇರುವ ಅನುಪಾತವೇ ಇಲ್ಲಿಯೂ.

ಆದರೆ ಇಲ್ಲೊಂದು ಸೂಕ್ಷ್ಮವಿದೆ. ಸಾವಿರ ಅಡಿ ಇಳಿಯಲು ಮೂರು ನಾಟಿಕಲ್ ಮೈಲಿ ಬೇಕೆಂಬುದು ಪೈಲಟ್‌ಗಳ ಬಾಯಿಲೆಕ್ಕ. 35,000 ಅಡಿಯಿಂದ ಇಳಿಯಲು 105 ನಾಟಿಕಲ್ ಮೈಲಿ, ಅಂದರೆ 195 ಕಿ.ಮೀ. ರಾಯಚೂರಿನಲ್ಲಿ ಇಳಿಯಬೇಕಾದ ವಿಮಾನ ಬಾಗಲಕೋಟೆಯ ಆಚೆಯೇ ತಲೆ ಬಾಗಿಸಬೇಕು. ಅರಕೇರಾದಲ್ಲಿ ಇನ್ನೂ ನೆಲದ ಮೇಲೆ ನಿಂತಿರುವ ನಮ್ಮ ವಿಮಾನ, ಶಾಸ್ತ್ರಪ್ರಕಾರ, ಏರುವ ಮೊದಲೇ ಮುಕ್ಕಾಲು ಪಾಲು ಇಳಿದಿರುತ್ತದೆ.

ಪೂರ್ವಪಕ್ಷ: ಸ್ಕಾಟ್ಲೆಂಡಿನ ಆರ್ಕ್ನಿ ದ್ವೀಪಗಳಲ್ಲಿ, ವೆಸ್ಟ್ರೇಯಿಂದ ಪಾಪಾ ವೆಸ್ಟ್ರೇಗೆ, ಬರೀ 2.7 ಕಿ.ಮೀ. ದೂರಕ್ಕೆ 1967ರಿಂದ ವಿಮಾನ ಓಡುತ್ತಿಲ್ಲವೇ? ಎರಡು ನಿಮಿಷದೊಳಗೆ ಮುಟ್ಟುವುದಿಲ್ಲವೇ? ಉತ್ತರ: ಅಲ್ಲಿ ನಡುವೆ ಸಮುದ್ರವಿದೆ. ನಮ್ಮಲ್ಲಿ ಕೃಷ್ಣೆ ಒಂದು ಕಡೆಗೆ, ತುಂಗಭದ್ರೆ ಒಂದು ಕಡೆಗೆ ಸರಿದು, ನಡುವಿನ ನೆಲವನ್ನು ಹತ್ತಿಗೂ ಭತ್ತಕ್ಕೂ ಕ್ರೂಸರ್ ಜೀಪಿಗೂ ಬಿಟ್ಟುಕೊಟ್ಟಿವೆ.

ಈ ಕ್ರೂಸರಿನ ಕಾಲಮೀಮಾಂಸೆ ಬೇರೆಯೇ.

“ಯಾವಾಗ ಬಿಡ್ತಿಯೋ ತಮ್ಮಾ?”

“ತುಂಬಿದ್ ಮ್ಯಾಲ ಬಿಡ್ತೀನ್ರಿ ಯಜಮಾನ್ರ.”

“ಇನ್ನ ಎಷ್ಟೊತ್ತು?”

“ನೀವು ಕುಂತ್ರ ಇನ್ನ ನಾಕು ಮಂದಿ ನೋಡ್ರಿ.”

ಐನ್‌ಸ್ಟೀನ್ ಕಾಲವನ್ನು ದೇಶಕ್ಕೆ ಹೊಲಿದರು. ಈ ಹುಡುಗ ಅದನ್ನು ಮಂದಿಗೆ ಹೊಲಿದಿದ್ದಾನೆ. ನಾಲ್ಕು ಮಂದಿ ಎಂದರೆ ಸಂತೆಯ ದಿನ ಐದು ನಿಮಿಷ, ಮಟಮಟ ಮಧ್ಯಾಹ್ನ ಒಂದು ಯುಗ.

ರಾಯಚೂರಿನ ಯರಮರಸ್ ವಿಮಾನ ನಿಲ್ದಾಣದ ಮಾತು ಎಷ್ಟೋ ಚುನಾವಣೆಗಳನ್ನು ಕಂಡಿದೆ. ಕಲಬುರಗಿಯದು 2019ರ ನವೆಂಬರ್ 22ರಂದೇ ಶುರುವಾಯಿತು. ಆದರೆ ಅಲ್ಲಿಗೆ ರಸ್ತೆಯಲ್ಲಿ ಹೋಗುವಷ್ಟರಲ್ಲಿ ಅರಕೇರಾದವನು ರಾಯಚೂರಿಗೆ ಹೋಗಿ ಕೆಲಸ ಮುಗಿಸಿ ತಿರುಗಿ ಬಂದಿರುತ್ತಾನೆ.

ಕೊನೆಗೆ ಲಗೇಜು. ದೇಶದೊಳಗಿನ ವಿಮಾನದಲ್ಲಿ ಸಾಮಾನ್ಯವಾಗಿ ತಲೆಗೆ 15 ಕೆ.ಜಿ. ನಮ್ಮ ಕಡೆ ಭತ್ತದ ಚೀಲ 75 ಕೆ.ಜಿ. ಒಂದು ಚೀಲ ಮಾರಲು ಐದು ಟಿಕೆಟ್ ತೆಗೆಯಬೇಕು. ಚೀಲ ಬಿಚ್ಚಿ ಐದು ಪಾಲು ಮಾಡುವ ಹಮಾಲಿ ಬೇರೆ.