ಶಿಶುಚಿತ್ರ ಮೀಮಾಂಸೆ: ನೆದರ್ಲೆಂಡ್ಸ್ ಕಾಂಡ

ಲಕ್ಷಣ ಹೇಳದೆ ಶಾಸ್ತ್ರ ಹೊರಡುವುದಿಲ್ಲ. ಆದ್ದರಿಂದ ಮೊದಲು ಕೂಸಿನ ಲಕ್ಷಣ. ಒಂದು ಮೀಟರಿಗಿಂತ ಗಿಡ್ಡಗಿದ್ದು, ತನ್ನ ಪಾಡಿಗೆ ಏನೋ ಮುದ್ದು ಮಾಡುತ್ತಿದ್ದು, ಮೊಬೈಲು ಎತ್ತಿದ ಕೂಡಲೇ ಅದನ್ನು ನಿಲ್ಲಿಸಿಬಿಡುವ ಜಂಗಮವಸ್ತುವೇ ಕೂಸು. ಈ ಲಕ್ಷಣಕ್ಕೆ ಅವ್ಯಾಪ್ತಿ, ಅತಿವ್ಯಾಪ್ತಿ, ಅಸಂಭವ ಎಂಬ ಮೂರು ದೋಷಗಳಲ್ಲಿ ಒಂದೂ ತಗಲದು. ಇದು ಬೆಕ್ಕಿಗೂ ಹೊಂದುತ್ತದಲ್ಲ, ಅತಿವ್ಯಾಪ್ತಿ ಆಯಿತಲ್ಲ ಎಂದು ತಾರ್ಕಿಕರು ಎದ್ದು ನಿಂತರೆ, ಬೆಕ್ಕಿನ ಫೋಟೊ ಯಾಕೆ ಬಂದಿಲ್ಲ ಎಂದು ಹಾಸನದಿಂದ ಯಾರೂ ಫೋನ್ ಮಾಡುವುದಿಲ್ಲ ಎಂದು ಉತ್ತರ ಕೊಟ್ಟು ಕೂರಿಸಬೇಕು.

ಇನ್ನು ಅನುಬಂಧ ಚತುಷ್ಟಯ. ವಿಷಯ, ಕೂಸಿನ ಫೋಟೊ. ಪ್ರಯೋಜನ, ಅಜ್ಜಿಯ ಸಮಾಧಾನ. ಸಂಬಂಧ, ವಾಟ್ಸ್‌ಆ್ಯಪ್. ಅಧಿಕಾರಿ ಯಾರೆಂಬುದನ್ನು ಮಾತ್ರ ಸ್ವಲ್ಪ ಬಿಡಿಸಿ ಹೇಳಬೇಕಾಗುತ್ತದೆ. ಈ ಕಾಂಡದ ಅಧಿಕಾರಿಗಳು ಹೆಚ್ಚಾಗಿ ಆಮ್‌ಸ್ಟೆಲ್ವೀನ್ ಮತ್ತು ಐಂಡ್‌ಹೋವನ್ ಕಡೆಯ ಕನ್ನಡ ಮನೆಗಳ ಅಪ್ಪಂದಿರು. ಐಂಡ್‌ಹೋವನ್ ಪಕ್ಕದ ವೆಲ್ಡ್‌ಹೋವನ್‌ನಲ್ಲಿ ಎಎಸ್‌ಎಂಎಲ್ ಕಂಪನಿಯಿದೆ. ಅವರ ದೊಡ್ಡ ಯಂತ್ರದೊಳಗೆ ಸೆಕೆಂಡಿಗೆ 50,000 ತವರದ ಹನಿಗಳು ಹಾರುತ್ತವೆ. ಒಂದೊಂದು ಹನಿಗೂ ಲೇಸರ್ ಎರಡೆರಡು ಸಲ ಗುರಿ ತಪ್ಪದೆ ಬಡಿದು 13.5 ನ್ಯಾನೋಮೀಟರ್ ತರಂಗಾಂತರದ ಬೆಳಕನ್ನು ಹುಟ್ಟಿಸುತ್ತದೆ. ಹೊಸ ಮೊಬೈಲುಗಳ ಮಿದುಳಾದ ಚಿಪ್ಪನ್ನು ಕೊರೆಯುವುದು ಆ ಬೆಳಕು. ಇಂಥ ಯಂತ್ರವನ್ನು ಹಗಲೆಲ್ಲ ಪಳಗಿಸಿ ಮನೆಗೆ ಬಂದ ಎಂಜಿನಿಯರು, ಅದೇ ಚಿಪ್ಪಿರುವ ಮೊಬೈಲು ಹಿಡಿದು, ಅಂಬೆಗಾಲಿಡುವ ಒಂದೇ ಒಂದು ಕೂಸಿಗೆ ಗುರಿಯಿಡಲಾರದೆ ಸೋಫಾದ ಕಾಲಿನ ಫೋಟೊ ತೆಗೆಯುತ್ತಾನೆ. ಈ ಶಾಸ್ತ್ರ ಬೇಕಾಗಿರುವುದು ಅವನಿಗೆ.

ಮೊಬೈಲು ಮೊದಲೋ ಕೂಸಿನ ಫೋಟೊ ಮೊದಲೋ ಎಂಬ ಬೀಜವೃಕ್ಷ ಜಿಜ್ಞಾಸೆಗೆ ಅದೃಷ್ಟವಶಾತ್ ತಾರೀಖಿನ ಸಮೇತ ಉತ್ತರವಿದೆ. 1997ರ ಜೂನ್ 11ರಂದು ಕ್ಯಾಲಿಫೋರ್ನಿಯಾದ ಸಾಂತಾ ಕ್ರೂಸ್‌ನ ಹೆರಿಗೆ ಆಸ್ಪತ್ರೆಯಲ್ಲಿ ಫಿಲಿಪ್ ಕಾನ್ ಎಂಬ ತಂತ್ರಜ್ಞ ಡಿಜಿಟಲ್ ಕ್ಯಾಮೆರಾ, ಲ್ಯಾಪ್‌ಟಾಪು, ಮೊಬೈಲು ಮೂರನ್ನೂ ತಂತಿಯಲ್ಲಿ ಕಟ್ಟಿ, ಆಗತಾನೆ ಹುಟ್ಟಿದ ಮಗಳ ಫೋಟೊವನ್ನು ಎರಡು ಸಾವಿರಕ್ಕೂ ಹೆಚ್ಚು ಜನರಿಗೆ ಕಳಿಸಿದ. ಮೊಬೈಲಿನ ಮೂಲಕ ತೆಗೆದ ಕೈಯಲ್ಲೇ ಹಂಚಿದ ಮೊದಲ ಫೋಟೊ ಇದೆಂದು ಸಾಮಾನ್ಯವಾಗಿ ಹೇಳುತ್ತಾರೆ. ಹೆಂಡತಿಗೆ ನೋವು ಬರುತ್ತಿರುವಾಗ ಗಂಡ ಮೂಲೆಯಲ್ಲಿ ಕೂತು ತಂತಿ ಜೋಡಿಸುತ್ತಿದ್ದನೆಂಬುದೂ ದಾಖಲಾಗಿದೆ. ಹೀಗೆ ಕೂಸೇ ಕಾರಣ, ಕ್ಯಾಮೆರಾ ಫೋನು ಕಾರ್ಯ. ಸಹಾಯಕ್ಕೆ ಬಾರದ ಗಂಡ ನಿಮಿತ್ತ ಕಾರಣ.

ಬೆಳಕಿನ ಪ್ರಕರಣಕ್ಕೆ ಬರೋಣ. ನೆದರ್ಲೆಂಡ್ಸಿನಲ್ಲಿ ಡಿಸೆಂಬರಿನ ಸೂರ್ಯ ಬೆಳಿಗ್ಗೆ ಎಂಟೂಮುಕ್ಕಾಲಿಗೆ ಕಚೇರಿಗೆ ಬಂದು ಸಂಜೆ ನಾಲ್ಕೂವರೆಗೆ ಹೊರಡುತ್ತಾನೆ. ನಡುವೆಯೂ ಬಹಳ ಸಲ ಮೋಡದ ರಜೆ. ಜೂನಿನಲ್ಲಿ ರಾತ್ರಿ ಹತ್ತು ದಾಟಿದರೂ ಹೋಗುವುದಿಲ್ಲ, ಕೂಸೂ ಮಲಗುವುದಿಲ್ಲ. ಚಳಿಗಾಲದ ಸಂಜೆ ದೀಪದ ಕೆಳಗೆ ಫೋಟೊ ತೆಗೆದರೆ ಎರಡು ಆಪತ್ತು. ಒಂದು, ಬೆಳಕು ಸಾಲದೆ ಮೊಬೈಲು ನೈಟ್ ಮೋಡಿಗೆ ಜಾರಿ, ಒಂದೆರಡು ಸೆಕೆಂಡು ಕಣ್ಣು ತೆರೆದುಕೊಂಡೇ ಇದ್ದು, ಹಲವು ಚಿತ್ರಗಳನ್ನು ಒಂದರ ಮೇಲೊಂದು ಕೂಡಿಸುತ್ತದೆ. ಅಷ್ಟರಲ್ಲಿ ಕೂಸು ಕೈಯಾಡಿಸಿ ಚತುರ್ಭುಜವಾಗಿರುತ್ತದೆ. ಇನ್ನೊಂದು, ಹಳದಿ ದೀಪ. ಹಳದಿ ದೀಪದ ಫೋಟೊ ಊರು ತಲುಪಿದ ಮೂರನೇ ನಿಮಿಷಕ್ಕೆ ಫೋನು ಬರುತ್ತದೆ: “ಯಾಕೋ, ಮಗೂಗೆ ಕಾಮಾಲೆಯೇನೋ? ಡಾಕ್ಟ್ರಿಗೆ ತೋರಿಸಿದ್ಯಾ?” ಬಾಣಂತಿಯ ಮನೆಗೇ ಬಂದು ಮೊದಲ ವಾರ ನೋಡಿಕೊಳ್ಳುವ ಕ್ರಾಮ್‌ಜೋರ್ಗ್ ದಾದಿ ದಿನವೂ ಕೂಸಿನ ಮೈಬಣ್ಣ ನೋಡಿ ಎಲ್ಲ ಸರಿಯಿದೆ ಎಂದು ಬರೆದಿಟ್ಟಿದ್ದರೂ ಆ ಬರಹ ಇಲ್ಲಿ ಪ್ರಮಾಣವಲ್ಲ. ಫೋಟೊದ ಪ್ರತ್ಯಕ್ಷವೇ ಪ್ರಮಾಣ.

ಇದಕ್ಕೆ ಪರಿಹಾರ ಆ ದೇಶದ ಗೋಡೆಯಲ್ಲೇ ಇದೆ. ಡಚ್ ಮನೆಗಳ ಕಿಟಕಿಗಳು ಆಳೆತ್ತರ, ಮತ್ತು ಅವರು ಪರದೆ ಎಳೆಯುವುದು ಅಪರೂಪ. ಡೆಲ್ಫ್ಟ್ ಊರಿನ ಯೊಹಾನೆಸ್ ವರ್ಮೀರ್ (1632–1675) ಈ ಕಿಟಕಿಯನ್ನು ಎಡಗಡೆ ಇಟ್ಟುಕೊಂಡೇ ಹಾಲು ಸುರಿಯುವವಳನ್ನೂ ಕಾಗದ ಓದುವವಳನ್ನೂ ಬರೆದು ಅಮರನಾದ. ಅವನಿಗೆ ಒದಗಿದ ಬೆಳಕು ಬಾಡಿಗೆಯ ಫ್ಲಾಟಿಗೂ ಒದಗುತ್ತದೆ. ದೀಪ ಆರಿಸಿ, ಫ್ಲ್ಯಾಶ್ ಆರಿಸಿ, ಕೂಸನ್ನು ಕಿಟಕಿಯಿಂದ ಒಂದು ಮಾರು ಈಚೆ, ಕಿಟಕಿ ಅದರ ಕೆನ್ನೆಯ ಪಕ್ಕಕ್ಕೆ ಬರುವಂತೆ ಕೂರಿಸಿದರೆ ಆಯಿತು. ಕಿಟಕಿಗೆ ಬೆನ್ನು ಮಾಡಿ ಕೂರಿಸಿದರೆ ಮುಖ ಕಪ್ಪಿಡುತ್ತದೆ. ಮೋಡವಿದ್ದರೆ ಕೊರಗಬೇಡಿ, ಮೋಡವೇ ಸೂರ್ಯನಿಗೆ ಕಟ್ಟಿದ ತೆಳು ಮಲ್ಲುಬಟ್ಟೆ. ಹೊರಗೆ ಹೋಗುವ ಡಚ್ಚರು ಒಳಗೆ ಕಣ್ಣು ಹಾಯಿಸುತ್ತಾರಲ್ಲ, ದೃಷ್ಟಿ ತಾಗದೇ ಎಂಬ ಶಂಕೆಗೆ ಸಮಾಧಾನ: ಅವರು ನೋಡುವುದಿಲ್ಲ. ನೋಡುವವರು ನಾವು.

ವರ್ಮೀರನ ವಿಷಯದಲ್ಲಿ ಸಂಶೋಧಕರು ಗಮನಿಸಬೇಕಾದ ಒಂದು ಸಂಗತಿ ಉಂಟು. ಅವನು ತೀರಿಕೊಂಡಾಗ ಮನೆಯಲ್ಲಿ 11 ಮಕ್ಕಳು. ಉಳಿದಿರುವ ಚಿತ್ರಗಳು 35ರ ಆಚೀಚೆ. ಅವುಗಳಲ್ಲಿ ಮಕ್ಕಳು ಕಾಣುವುದು ಎಲ್ಲೋ ಮೂಲೆಯಲ್ಲಿ. ಆಮ್‌ಸ್ಟರ್‌ಡ್ಯಾಮಿನ ರೈಕ್ಸ್‌ಮ್ಯೂಸಿಯಂನಲ್ಲಿರುವ ಸಣ್ಣ ಬೀದಿಯ ಚಿತ್ರದಲ್ಲಿ ಎರಡು ಮಕ್ಕಳು ಮುಖ ತೋರಿಸದೆ ನೆಲದ ಕಡೆ ಬಗ್ಗಿ ಆಡುತ್ತಿವೆ. ‘ಡೆಲ್ಫ್ಟ್ ನೋಟ’ ಎಂಬ ಇನ್ನೊಂದು ಚಿತ್ರದಲ್ಲಿ ಹೆಂಗಸೊಬ್ಬಳ ಕೈಯಲ್ಲಿ ಒಂದು ಕೂಸು, ಕಡಲೆಕಾಳಿನಷ್ಟು. ಕಲಾವಿಮರ್ಶಕರು ಇದಕ್ಕೆ ಏನೇನೋ ಗೂಢಾರ್ಥ ಹೇಳಬಹುದು. ನಮ್ಮ ಸಿದ್ಧಾಂತ ಸರಳ: 11 ಮಕ್ಕಳ ತಂದೆಗೆ ಮಕ್ಕಳನ್ನು ಕೂರಿಸಲಾಗುವುದಿಲ್ಲವೆಂದು ಗೊತ್ತಿತ್ತು. ಅದೇ ಊರಿನಲ್ಲಿ ಅದೇ 1632ರಲ್ಲಿ ಹುಟ್ಟಿದ ಬಟ್ಟೆ ವ್ಯಾಪಾರಿ ಆಂಟನಿ ಫಾನ್ ಲೇವನ್‌ಹುಕ್ ಮಾತ್ರ ಧೈರ್ಯವಂತ. ಅಂಗೈಯಲ್ಲಿ ಹಿಡಿಯುವ ಯಂತ್ರಕ್ಕೆ ಸಣ್ಣ ಮಸೂರ ಕೂರಿಸಿ, ಕಣ್ಣಿಗೆ ಒತ್ತಿ ಹಿಡಿದು, ಒಂದು ಕ್ಷಣವೂ ಸುಮ್ಮನಿರದ ಕಿರುಜೀವಿಗಳನ್ನು ತಾಳ್ಮೆಯಿಂದ ನೋಡಿದ. ನಮ್ಮ ಶಾಸ್ತ್ರದ ಆದಿಗುರು ಇವನೇ. ವರ್ಮೀರ್ ಸತ್ತ ಮೇಲೆ ಅವನ ಸಾಲಸೋಲದ ಆಸ್ತಿ ನೋಡಿಕೊಳ್ಳಲು ನೇಮಕವಾದವನೂ ಇವನೇ ಎಂಬುದು ಇಲ್ಲಿ ಅಪ್ರಸ್ತುತ, ಆದರೆ ಬಿಡಲು ಮನಸ್ಸಾಗಲಿಲ್ಲ.

ಭಂಗಿಯ ವಿಚಾರದಲ್ಲಿ ಎರಡು ಪಂಥಗಳಿವೆ: ನಿಂತವರದು, ಬೋರಲು ಬಿದ್ದವರದು. ನಿಂತವರ ಪಂಥ ದೊಡ್ಡದು, ಅದರ ಫೋಟೊಗಳು ಗುರುತಿಸಲು ಸುಲಭ. ಮೇಲಿನಿಂದ ತೆಗೆದದ್ದರಿಂದ ಕೂಸಿಗೆ ದೊಡ್ಡ ತಲೆ, ಇಲ್ಲದ ಕಾಲು, ಹಿನ್ನೆಲೆಗೆ ಇಕಿಯಾ ಚಾಪೆ. ಹತ್ತಿರದಿಂದ ತೆಗೆದರಂತೂ ಮೊಬೈಲಿನ ಮುಖ್ಯ ಲೆನ್ಸು ಅಗಲದ್ದಾದ್ದರಿಂದ ಮೂಗು ಊದಿಕೊಳ್ಳುತ್ತದೆ. ಎರಡು ಹೆಜ್ಜೆ ಹಿಂದೆ ಸರಿದು 2ಎಕ್ಸ್ ಒತ್ತಿದರೆ ಮೂಗು ತನ್ನ ಅಳತೆಗೆ ಬರುತ್ತದೆ. ಬೋರಲು ಪಂಥದವರು ನೆಲಕ್ಕೆ ಎದೆ ಹಚ್ಚಿ, ಮೊಬೈಲನ್ನು ಕೂಸಿನ ಕಣ್ಣಿನ ಮಟ್ಟಕ್ಕೆ ತಂದು, ಮುಖದ ಮೇಲೆ ಬೆರಳು ಒತ್ತಿ ಹಿಡಿದು ಫೋಕಸ್ ಬಿಗಿಮಾಡಿಕೊಳ್ಳುತ್ತಾರೆ. ಐತಿಹಾಸಿಕವಾಗಿ ಇದೊಂದು ಪಲ್ಲಟ. ನಮ್ಮ ಊರುಗಳ ಸ್ಟುಡಿಯೋಗಳಲ್ಲಿ ಹಿಂದೆ ಕೂಸನ್ನು ಬೆತ್ತಲೆಯಾಗಿ ಬೋರಲು ಮಲಗಿಸಿ ಕತ್ತೆತ್ತಿಸಿ ಫೋಟೊ ಹಿಡಿಯುತ್ತಿದ್ದರು, ಫೋಟೊಗ್ರಾಫರು ನಿಂತಿರುತ್ತಿದ್ದರು. ಈಗ ಕೂಸು ನಿಂತಿರುತ್ತದೆ, ಅಪ್ಪ ಬೋರಲು. ಹಳೆಯ ಆಲ್ಬಮ್ಮಿನಲ್ಲಿ ಕತ್ತೆತ್ತಿರುವ ಬೆತ್ತಲೆ ಕೂಸೂ ಈ ಅಪ್ಪನೇ ಆಗಿರುವುದರಿಂದ ಅಭ್ಯಾಸಬಲ ಕೈಹಿಡಿಯುತ್ತದೆ.

ಪೂರ್ವಪಕ್ಷ: ಹೊಸ ಮೊಬೈಲುಗಳಲ್ಲಿ ಅಲುಗಾಟ ತಡೆಯುವ ಏರ್ಪಾಡು ಇದೆಯಲ್ಲ, ಮತ್ತೇಕೆ ಈ ಪಾಡು? ಸಿದ್ಧಾಂತ: ಆ ಏರ್ಪಾಡು ತಡೆಯುವುದು ಹಿಡಿದವರ ಕೈಯ ಅಲುಗಾಟವನ್ನು, ಕೂಸಿನದನ್ನಲ್ಲ. ಈ ಭೇದ ಮೊದಲು ತಿಳಿದಿದ್ದು ಕಿಂಡರ್‌ಡೈಕ್‌ನ ಬೆಕ್ಕಿಗೆ. 19 ಗಾಳಿಯಂತ್ರಗಳಿರುವ ಆ ಊರಿನ ಐತಿಹ್ಯದ ಪ್ರಕಾರ, 1421ರ ದೊಡ್ಡ ಪ್ರವಾಹದಲ್ಲಿ ಒಂದು ತೊಟ್ಟಿಲು ತೇಲಿಬಂತು. ಒಳಗೊಂದು ಕೂಸು, ಮೇಲೊಂದು ಬೆಕ್ಕು. ತೊಟ್ಟಿಲು ಎಡಕ್ಕೆ ವಾಲಿದರೆ ಬೆಕ್ಕು ಬಲಕ್ಕೆ, ಬಲಕ್ಕೆ ವಾಲಿದರೆ ಎಡಕ್ಕೆ ನೆಗೆದು ನೀರು ತಗಲದಂತೆ ದಡ ಮುಟ್ಟಿಸಿತಂತೆ. ಬೆಕ್ಕು ಸರಿದೂಗಿಸಿದ್ದು ತೊಟ್ಟಿಲನ್ನು; ಒಳಗಿನ ಕೂಸನ್ನು ಸುಮ್ಮನಿರಿಸಿತೆಂದು ಐತಿಹ್ಯವೂ ಹೇಳುವುದಿಲ್ಲ. ಕೂಸಿನ ಚಾಂಚಲ್ಯಕ್ಕೆ ಮದ್ದು ಬೆಳಕು ಮತ್ತು ಬರ್ಸ್ಟ್. ಬೆಳಕು ಹೆಚ್ಚಿದ್ದರೆ ಷಟರ್ ಬೇಗ ಮುಚ್ಚುತ್ತದೆ. ಬರ್ಸ್ಟ್ ಹಾಕಿದರೆ ಒಂದರ ಹಿಂದೊಂದು ಪಟಪಟನೆ ಚಿತ್ರಗಳು ಉದುರುತ್ತವೆ, ಒಂದರಲ್ಲಾದರೂ ಕೂಸಿಗೆ ಎರಡೇ ಕೈ ಇರುತ್ತವೆ. ಉಳಿದವನ್ನು ಅದೇ ರಾತ್ರಿ ಅಳಿಸಬೇಕು. ಇದನ್ನು ಯಾರೂ ಮಾಡುವುದಿಲ್ಲ.

ರಸಪ್ರಕರಣ. ಕೂಸು ಆಲಂಬನ ವಿಭಾವ, ಗಿಲಕಿ ಉದ್ದೀಪನ ವಿಭಾವ, ನಗು ಅನುಭಾವ, ಆಕಳಿಕೆ ವ್ಯಭಿಚಾರಿ. ಉದ್ದೀಪನಕ್ಕೆ ಅತ್ಯುತ್ತಮ ಶಾಸನಾಧಾರ ಹಾರ್ಲೆಮ್ಮಿನ ಫ್ರಾನ್ಸ್ ಹಾಲ್ಸ್ 1620ರ ಸುಮಾರಿಗೆ ಬರೆದ ಕ್ಯಾಥರೀನಾ ಹೋಫ್ಟ್ ಎಂಬ ಕೂಸಿನ ಚಿತ್ರ, ಈಗ ಬರ್ಲಿನ್ನಿನಲ್ಲಿದೆ. ಜರಿ, ಕಸೂತಿ ಹೊತ್ತ ಸಿರಿವಂತರ ಮಗು. ಪಕ್ಕದಲ್ಲಿ ದಾದಿ ಸೇಬು ಹಿಡಿದಿದ್ದಾಳೆ. ಕೂಸು ಸೇಬನ್ನು ಬಿಟ್ಟು ನಮ್ಮತ್ತ ನೋಡಿ ತುಟಿಯಂಚಿನಲ್ಲಿ ನಗುತ್ತಿದೆ. “ಪುಟ್ಟಾ, ಇಲ್ನೋಡು, ಕಾಗೆ ಬಂತು” ಎಂಬ ನಮ್ಮ ಪ್ರಯೋಗದ ಡಚ್ ಪಾಠಾಂತರ ಇದೆಂಬುದರಲ್ಲಿ ಸಂಶಯವಿಲ್ಲ. ಪ್ರಯೋಗಿಸುವವರು ಮೊಬೈಲು ಹಿಡಿದವರ ತಲೆಯ ಹಿಂದೆ ನಿಂತಿರಬೇಕು ಎಂಬುದೊಂದೇ ನಿಯಮ. ಪಕ್ಕಕ್ಕೆ ನಿಂತರೆ ಕೂಸಿನ ಕಿವಿಯ ಫೋಟೊ ಸಿಗುತ್ತದೆ. ಆಮ್‌ಸ್ಟರ್‌ಡ್ಯಾಮಿನ ಕಾಲುವೆ ದಂಡೆಯಲ್ಲಿ ಕಾಗೆಗಿಂತ ಬೂದು ಕೊಕ್ಕರೆ ಒಳ್ಳೆಯದು, ಅದು ಫೋಟೊ ಮುಗಿಯುವ ತನಕ ಕದಲುವುದಿಲ್ಲ.

ಅತ್ತರೆ? ರಸಭಂಗವೆಂದು ಮೊಬೈಲು ಕೆಳಗಿಡುವವರು ರೆಂಬ್ರಾಂಟ್‌ನನ್ನು ನೋಡಿಲ್ಲ. ಗ್ರೀಕ್ ಪುರಾಣದಲ್ಲಿ ದೇವತೆ ಹದ್ದಾಗಿ ಬಂದು ಗ್ಯಾನಿಮೀಡ್ ಎಂಬ ಚೆಲುವ ಹುಡುಗನನ್ನು ಎತ್ತಿಕೊಂಡು ಹೋಗುತ್ತಾನೆ. ಇಟಲಿಯವರು ಆ ಹುಡುಗನನ್ನು ಸುಂದರಾಂಗನಾಗಿ ಬರೆದರು. ರೆಂಬ್ರಾಂಟ್ 1635ರಲ್ಲಿ ಬರೆದದ್ದು ಬಾಯಿ ಕಿವಿಯವರೆಗೆ ಹರಿದು ಅಳುತ್ತ, ಗಾಳಿಯಲ್ಲೇ ಉಚ್ಚೆ ಹೊಯ್ಯುವ ದುಂಡುಕೂಸನ್ನು. ಡ್ರೆಸ್ಡೆನ್ನಿನ ಮ್ಯೂಸಿಯಮ್ಮಿನಲ್ಲಿ ಅದನ್ನು ನೋಡಿದ ಯಾವ ತಾಯಿಯೂ ಇದು ಪುರಾಣವೆನ್ನಲಾರಳು. ಅಳುವ ಫೋಟೊ ಅಳಿಸಬೇಡಿ. ಮದುವೆಯ ಆರತಕ್ಷತೆಯಲ್ಲಿ ಪರದೆಯ ಮೇಲೆ ತೋರಿಸಲು ಬೇಕಾಗುತ್ತದೆ.

ಟುಲಿಪ್ ಪ್ರಕರಣವನ್ನು ಬೇಗ ಮುಗಿಸಬಹುದು. ಲಿಸ್ಸೆಯ ಕ್ಯೂಕನ್‌ಹಾಫ್ ತೋಟದಲ್ಲಿ 32 ಹೆಕ್ಟೇರ್, ಸುಮಾರು 70 ಲಕ್ಷ ಗೆಡ್ಡೆ, ಮಾರ್ಚ್ ನಡುವಿನಿಂದ ಮೇ ನಡುವಿನವರೆಗೆ ಹೂವು. ಅಷ್ಟರ ನಡುವೆ ದಟ್ಟಡಿಯಿಡುವ ಕೂಸು ಎತ್ತಿಕೊಳ್ಳುವುದು ಒಂದು ಬೆಣಚುಕಲ್ಲನ್ನು. ಕಲ್ಲಿನ ಫೋಟೊವನ್ನೇ ತೆಗೆಯಿರಿ, ಹೂ ಹಿಂದೆ ಮಸುಕಾಗಿ ಇರಲಿ. ತೋಟದ ಹೊರಗಿನ ಹೊಲಗಳಲ್ಲಿ ಸಾಲಿನ ನಡುವೆ ಕೂಸನ್ನು ಇಳಿಸಬೇಡಿ. ಅದು ರೈತನ ಬೆಳೆ, ತುಳಿಯಬೇಡಿ ಎಂದು ಅವನು ಬೋರ್ಡು ಹಾಕಿರುತ್ತಾನೆ.

ಈಗ ಅತ್ಯಂತ ಸೂಕ್ಷ್ಮವಾದ, ಹಿಂದಿನ ಆಚಾರ್ಯರು ಯಾರೂ ಮುಟ್ಟದ ಪ್ರಮೇಯ: ದೃಷ್ಟಿಬೊಟ್ಟು. ಹಲವು ಮೊಬೈಲುಗಳಲ್ಲಿ ಬ್ಯೂಟಿ ಮೋಡ್ ಇರುತ್ತದೆ. ಚರ್ಮದ ಮೇಲಿನ ಕಲೆ, ಮಚ್ಚೆಗಳನ್ನು ಅದು ತಾನಾಗಿ ತಿದ್ದುತ್ತದೆ. ಕೆನ್ನೆಯ ಮೇಲೆ ತಾಯಿ ಬೆರಳದ್ದಿ ಇಟ್ಟ ಕಾಡಿಗೆಯ ಬೊಟ್ಟು ಅದರ ಲೆಕ್ಕಕ್ಕೆ ಒಂದು ಚರ್ಮದೋಷ. ಹೀಗೆ ಕೂಸು ಆಮ್‌ಸ್ಟೆಲ್ವೀನಿನಲ್ಲಿ ಸುರಕ್ಷಿತವಾಗಿದ್ದು, ಊರಿನ ಕುಟುಂಬದ ಗುಂಪಿನಲ್ಲಿ, ಎಂದರೆ ಕಣ್ಣುಗಳು ಅತಿ ಹೆಚ್ಚಿರುವ ಕಡೆಯೇ, ಬೊಟ್ಟಿಲ್ಲದೆ ಪ್ರಕಟವಾಗುತ್ತದೆ. ಬ್ಯೂಟಿ ಮೋಡ್ ಆರಿಸಿ. ಮತ್ತು ಲೆನ್ಸು ಒರೆಸಿ: ಅದರ ಮೇಲೆ ಯಾವಾಗಲೂ ರಾಗಿ ಸರಿಯ ಒಂದು ಬೆರಳಚ್ಚು ಇರುತ್ತದೆ, ಫೋಟೊಗಳೆಲ್ಲ ಮಂಜುಮಂಜಾಗಿ ಬರುವುದಕ್ಕೆ ಡಚ್ ಹವೆ ಕಾರಣವಲ್ಲ.

ಕೊನೆಗೆ ಸಹೃದಯ ಯಾರೆಂಬ ಪ್ರಶ್ನೆ. ಇಷ್ಟೆಲ್ಲ ಬೆಳಕು, ಭಂಗಿ, ರಸಗಳನ್ನು ಸಾಧಿಸಿ ಕಳಿಸಿದ ಫೋಟೊವನ್ನು ಅಜ್ಜಿ ಎರಡು ಬೆರಳಲ್ಲಿ ಹಿಗ್ಗಿಸಿ ನೋಡಿ ಹೇಳುವ ತೀರ್ಪು ಎರಡರಲ್ಲೊಂದು. “ಮಗು ಸೊರಗಿದೆ ಕಣೋ.” ಇಲ್ಲವೇ, “ಟೋಪಿ ಎಲ್ಲಿ? ಕಿವಿಗೆ ಗಾಳಿ ಹೋಗಲ್ವಾ?” ಮಲಗಿರುವ ಕೂಸಿಗೆ ಟೋಪಿ ಬೇಡ, ಮೈ ಕಾವೇರುತ್ತದೆ ಎಂಬುದು ಡಚ್ ದಾದಿಯರ ಖಡಕ್ ಸೂಚನೆ. ಎರಡು ಶಾಸ್ತ್ರಗಳು ಘರ್ಷಿಸಿದಾಗ ಸಮನ್ವಯ ಹುಡುಕಬೇಕು: ಎಚ್ಚರವಿರುವಾಗ ಕುಲಾವಿ ಕಟ್ಟಿ ಫೋಟೊ, ಮಲಗಿಸುವಾಗ ಬರಿದಲೆ. ಸೊರಗಿದೆ ಎಂಬುದಕ್ಕೆ ಗಲ್ಲದ ಕೆಳಗಿನ ಮಡಿಕೆ ಕಾಣುವಂತೆ ಸ್ವಲ್ಪ ಮುಂದಕ್ಕೆ ಬಾಗಿಸಿ ತೆಗೆದರೆ ಎರಡು ವಾರ ನೆಮ್ಮದಿ. ಡೇಕೇರಿನ ಗುಂಪು ಫೋಟೊ ಕಳಿಸುವಾಗ ಪಕ್ಕದ ಮಕ್ಕಳ ಮುಖ ಮರೆಮಾಡಿ. ಅವರ ಅಪ್ಪ ಅಮ್ಮ ಒಪ್ಪಿಗೆ ಕೊಟ್ಟಿರುವುದಿಲ್ಲ, ಅಜ್ಜಿಗೂ ಅವರು ಬೇಕಿಲ್ಲ.

ಫೋಟೊ ಎಂದೇ ಕಳಿಸಿದರೆ ವಾಟ್ಸ್‌ಆ್ಯಪ್ ಅದನ್ನು ಕುಗ್ಗಿಸುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಿದರೆ ಕುಗ್ಗುವುದಿಲ್ಲ, ಆದರೆ ಅಜ್ಜಿಗೆ ತೆರೆಯಲು ಬರುವುದಿಲ್ಲ, ಅವರ ಫೋನಿನಲ್ಲಿ ಜಾಗವೂ ಇರುವುದಿಲ್ಲ. ಆದ್ದರಿಂದ ಊರಿಗೆ ಹೊರಡುವ ವಾರ ಹೇಮಾ ಎಂಬ ಡಚ್ ಅಂಗಡಿಯಲ್ಲಿ ಒಂದಿಪ್ಪತ್ತು ಪ್ರಿಂಟು ಹಾಕಿಸಿಕೊಳ್ಳಿ. ಕಾಗದ ಗ್ಲಾಸಿಯದೇ ಇರಲಿ, ಅಜ್ಜಿ ಅದನ್ನು ಸೆರಗಿನಲ್ಲಿ ಒರೆಸುತ್ತಾರೆ.