ಮೊದಲು ಮಣ್ಣು ಹದ ಮಾಡಿ

ಸೋಲೇ ಗೆಲುವಿನ ಸೋಪಾನ ಎಂದು ಹೇಳುವವರು ಯಾವಾಗಲೂ ಮೇಲಿನ ಮೆಟ್ಟಿಲಲ್ಲೇ ನಿಂತಿರುತ್ತಾರೆ. ಕೈಯಲ್ಲಿ ಮೈಕು, ಕೊರಳಲ್ಲಿ ಹಾರ. ಕೆಳಗಿನ ಮೆಟ್ಟಿಲಲ್ಲಿ ಮೊಣಕಾಲು ತರಚಿಕೊಂಡು ಕೂತವನ ಬಾಯಲ್ಲಿ ಆ ಮಾತನ್ನು ನಾನಿನ್ನೂ ಕೇಳಿಲ್ಲ. ಮುಂಡಗೋಡ ತಾಲ್ಲೂಕಿನ ನಮ್ಮ ಇಂದೂರಿನಲ್ಲಿ ಬೆಳಗಾದರೆ ಸಾಕು, ಹುಟ್ಟುವ ಸೂರ್ಯನ ಚಿತ್ರದ ಸಮೇತ ಈ ಸೋಪಾನ ಮೊಬೈಲಿಗೆ ಬಂದು ಬೀಳುತ್ತದೆ. ಕಳಿಸುವವರು ನಮ್ಮ ಚಿಕ್ಕಪ್ಪ. ಅದು ಬಂತೆಂದರೆ ಗೋವಿನಜೋಳಕ್ಕೆ ಒಳ್ಳೆ ರೇಟು ಸಿಕ್ಕಿದೆ ಎಂದು ಅರ್ಥ. ರೇಟು ಬಿದ್ದ ವರ್ಷ ಅವರು ಬರೀ ಗುಲಾಬಿ ಹೂವು ಕಳಿಸುತ್ತಾರೆ.

ಹಾಗೆಂದು ಮಾತು ಪೂರ್ತಿ ಸುಳ್ಳಲ್ಲ. ಸೋಲನ್ನೇ ಪಾಠ ಮಾಡಿಕೊಂಡ ಎರಡು ಶಾಲೆಗಳು ನಮ್ಮ ಸೀಮೆಯಲ್ಲೇ ಇವೆ.

ಒಂದು ಹಳಿಯಾಳದ್ದು. ಅದು ಕುಸ್ತಿಯ ಊರು. ಪೈಲ್ವಾನ ಹುಡುಗರಿಗೆಂದು ಸರ್ಕಾರದ ಕ್ರೀಡಾ ನಿಲಯವೇ ಅಲ್ಲಿದೆ. ಅಖಾಡಕ್ಕೆ ಹೊಸದಾಗಿ ಇಳಿದವನಿಗೆ ಎದುರಾಳಿಯನ್ನು ಎತ್ತಿ ಒಗೆಯುವ ಡಾವು ಆಮೇಲೆ. ಬೀಳುವ ವಿದ್ಯೆ ಮೊದಲು. ಗದ್ದ ಎದೆಗೆ ಒತ್ತಿಕೋ, ಕೈ ಊರಬೇಡ, ಉಸಿರು ಹಿಡಿಯಬೇಡ. ಎರಡೂ ಭುಜ ಮಣ್ಣಿಗೆ ತಾಗಿದವೋ, ಚಿತ್! ಜಾತ್ರೆಯ ಕುಸ್ತಿಯಾದರೆ ಹಲಗಿ ಬಡಿಯುತ್ತಲೇ ಇರುತ್ತದೆ, ಜನ ಸಿಳ್ಳೆ ಹಾಕುತ್ತಾರೆ. ಬಿದ್ದವನು ಬೆನ್ನಿನ ಮಣ್ಣು ಕೊಡವಿಕೊಂಡು ಗೆದ್ದವನ ಕೈ ಕುಲುಕಿ ಹೊರಡುತ್ತಾನೆ. ಮರುದಿನ ನಸುಕಿಗೆ ಮತ್ತೆ ಅದೇ ಬೈಠಕ್, ಅದೇ ಮಣ್ಣು.

ಇನ್ನೊಂದು ನಮ್ಮ ಮುಂಡಗೋಡ ತಾಲ್ಲೂಕಿನದೇ. ದೇಶ ಬಿಟ್ಟು ಬಂದ ಟಿಬೆಟಿಯನ್ನರು 1966ರಲ್ಲಿ ಇಲ್ಲಿ ನೆಲೆ ನಿಂತರು. ಡ್ರೆಪುಂಗ್, ಗಾಂಡೆನ್ ಎಂಬ ಅವರ ದೊಡ್ಡ ಮಠಗಳು ನಮ್ಮ ಮಣ್ಣಿನಲ್ಲಿ ಮತ್ತೆ ಎದ್ದವು. ಭಿಕ್ಷುಗಳ ಶಾಸ್ತ್ರಚರ್ಚೆಯ ಹೊತ್ತಿನಲ್ಲಿ ಈ ಮಠಗಳಿರುವ ಲಾಮಾ ಕ್ಯಾಂಪಿನ ಅಂಗಳಕ್ಕೆ ಹೋದ ಹೊಸಬರು ಹೊಡೆದಾಟ ಬಿದ್ದಿದೆ ಎಂದು ಗಾಬರಿಯಾಗುವುದುಂಟು. ಒಬ್ಬ ಭಿಕ್ಷು ಕೂತಿರುತ್ತಾನೆ, ಇನ್ನೊಬ್ಬ ನಿಂತು ಕಾಲು ಅಪ್ಪಳಿಸಿ, ಚಪ್ಪಾಳೆ ಹೊಡೆದು ಪ್ರಶ್ನೆ ಎಸೆಯುತ್ತಾನೆ. ಕೂತವನು ತನ್ನ ಮಾತಿಗೆ ತಾನೇ ಸಿಕ್ಕಿಬಿದ್ದನೋ, ನಿಂತವನು ಅಂಗೈ ಮೇಲೆ ಹಿಂಗೈ ಬಡಿದು 'ತ್ಸಾ!' ಎಂದು ಅಂಗಳಕ್ಕೆಲ್ಲ ಕೇಳುವಂತೆ ಕೂಗುತ್ತಾನೆ. ಮಠದ ವಿದ್ವಾಂಸರಿಗೆ ಕೊಡುವ ಗೆಶೆ ಪದವಿಯಲ್ಲಿ ಎಲ್ಲಕ್ಕಿಂತ ದೊಡ್ಡದಾದ ಲ್ಹರಂಪಾ ಸಿಗಬೇಕಾದರೆ ಸುಮಾರು 20 ವರ್ಷ ಹೀಗೆ ಅನ್ನಿಸಿಕೊಳ್ಳಬೇಕು. ನಮ್ಮ ಮನೆಗಳಲ್ಲಿ ಅಣ್ಣ ತಮ್ಮನಿಗೆ ಒಂದೇ ಒಂದು ಸಲ ಹೀಗೆ ಎದುರು ನಿಂತು 'ತ್ಸಾ' ಅಂದರೂ ಸಾಕು, ಜಮೀನು ಪಾಲಾಗಿಬಿಡುತ್ತದೆ! ಟಿಬೆಟಿಯನ್ ಹೆಣ್ಣುಮಕ್ಕಳಿಗಂತೂ ಬಹುಕಾಲ ಗೆಶೆ ಪದವಿಯ ಬಾಗಿಲೇ ತೆರೆದಿರಲಿಲ್ಲ. 2016ರ ಡಿಸೆಂಬರ್‌ನಲ್ಲಿ 20 ಟಿಬೆಟಿಯನ್ ಭಿಕ್ಷುಣಿಯರು ಮೊದಲ ಬಾರಿಗೆ ಗೆಶೆಮಾ, ಅಂದರೆ ಹೆಣ್ಣು ಗೆಶೆ, ಆದರು. ದಲೈಲಾಮಾ ಅವರ ಕೈಯಿಂದ ಪದವಿ ಪಡೆದದ್ದು ಇದೇ ಮುಂಡಗೋಡದ ಡ್ರೆಪುಂಗ್ ಮಠದಲ್ಲಿ.

ಆದರೆ ಎಲ್ಲ ಸೋಲೂ ಗುರುವಲ್ಲ. ಭತ್ತ ಕೊಯ್ಲಿಗೆ ಬರುವ ಹೊತ್ತಿಗೆ ದಾಂಡೇಲಿ ಕಡೆಯ ಕಾಡಿನಿಂದ ಆನೆಗಳು ನಮ್ಮ ತಾಲ್ಲೂಕಿಗೆ ಇಳಿಯುತ್ತವೆ. ಬೆಳಗಾಗುವುದರೊಳಗೆ ಗದ್ದೆ ಚಪ್ಪಟೆ. ಈ ಸೋಲಿನಿಂದ ರೈತ ಕಲಿಯುವುದು ಪರಿಹಾರದ ಅರ್ಜಿಗೆ ಪಹಣಿ, ಫೋಟೊ, ಪಾಸ್‌ಬುಕ್ಕಿನ ಜೆರಾಕ್ಸ್ ಎಷ್ಟೆಷ್ಟು ಪ್ರತಿ ಬೇಕು ಎಂಬುದನ್ನು ಮಾತ್ರ. ನಿಜವಾಗಿ ಕಲಿತದ್ದು ಆನೆ. ಮುಂದಿನ ವರ್ಷ ದಾರಿ ಕೇಳದೆ ಬರುತ್ತದೆ. ಆ ರೈತನ ಎದುರು ಸೋಪಾನದ ಮಾತು ತೆಗೆದರೆ ಅವನು ಕೈಲಿದ್ದ ಪಟಾಕಿಯನ್ನು ಆನೆಯ ಕಡೆ ಎಸೆಯುತ್ತಾನೋ ನಿಮ್ಮ ಕಡೆಗೋ ಹೇಳಲಾಗದು.

ಹಾಗಾದರೆ ಅಖಾಡದ ಸೋಲಿಗೆ ಮಾತ್ರ ಏನು ವಿಶೇಷ? ಅಲ್ಲಿನ ಮಣ್ಣು ನೋಡಿ. ಕೆಮ್ಮಣ್ಣು ಸೋಸಿ, ಎಣ್ಣೆ, ಅರಿಸಿನ, ಮಜ್ಜಿಗೆ, ನಿಂಬೆರಸ ಬೆರೆಸಿ, ಸಲಿಕೆಯಿಂದ ಅಗೆದಗೆದು ಮೆತ್ತಗೆ ಮಾಡಿರುತ್ತಾರೆ. ಹುಡುಗ ಬೀಳುವ ಮೊದಲೇ ಬೀಳುವ ಜಾಗ ತಯಾರು. ಕಾಲು ಎಲ್ಲಿ ತಪ್ಪಿತು ಎಂದು ಹೇಳಲು ಉಸ್ತಾದ ಅಂಚಿನಲ್ಲೇ ಕೂತಿರುತ್ತಾನೆ. ಮಠದ ಅಂಗಳದಲ್ಲೂ ಅಷ್ಟೇ. ಇವತ್ತು 'ತ್ಸಾ' ಅಂದವನು ನಾಳೆ ಅದೇ ಜಾಗದಲ್ಲಿ ಕೂತು ಅನ್ನಿಸಿಕೊಳ್ಳುತ್ತಾನೆ. ಹದವಾದ ನೆಲ, ಪಕ್ಕದಲ್ಲೊಬ್ಬ ಉಸ್ತಾದ, ನಾಳೆ ಮತ್ತೊಂದು ಸರದಿ: ಈ ಮೂರೂ ಇದ್ದರೆ ಮಾತ್ರ ಸೋಲು ಮೆಟ್ಟಿಲಾಗುತ್ತದೆ. ಇಲ್ಲದಿದ್ದರೆ ಅದು ಬರೀ ಪೆಟ್ಟು.

ನಮ್ಮ ಮನೆಗಳ ನೆಲವೋ, ಗಟ್ಟಿ ಸಿಮೆಂಟಿನದು. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ನೋಡಬೇಕು.

"ಏನಾತೋ ತಮ್ಮಾ?"

"ಒಂದ್ರಾಗ ಹೋಗೇತ್ರೀ, ಅಜ್ಜಾ."

"ಯಾವುದ್ರಾಗ?"

"ಗಣಿತದಾಗ್ರೀ."

"ನಮ್ಮ ಮೊಮ್ಮಗಗ ಅದರಾಗ ತೊಂಬತ್ತೆಂಟ ಬಂದೈತಿ, ನೋಡು!"

ಸರ್ಕಾರವೇ ಈ ವಿಷಯದಲ್ಲಿ ನಮಗಿಂತ ಮೆತ್ತಗಾಗಿದೆ. 2024ರಲ್ಲಿ ಪೂರಕ ಪರೀಕ್ಷೆ ಎಂಬ ಹಣೆಪಟ್ಟಿ ಹೋಗಿ, ಪರೀಕ್ಷೆ-1, ಪರೀಕ್ಷೆ-2, ಪರೀಕ್ಷೆ-3 ಬಂದವು. ಹೆಚ್ಚು ಬಂದ ಅಂಕವನ್ನೇ ಉಳಿಸಿಕೊಳ್ಳಬಹುದು.

ಆದ್ದರಿಂದ ಹಿರಿಯರಲ್ಲಿ ನನ್ನದೊಂದು ವಿನಂತಿ. ಫೇಲಾದ ಹುಡುಗನ ಮನೆಗೆ ಹೋದರೆ ಸೋಪಾನದ ಉಪದೇಶ ಬೇಡ, ಮೊಮ್ಮಗನ ಸುದ್ದಿಯಂತೂ ಬೇಡವೇ ಬೇಡ. ಪರೀಕ್ಷೆ-2ಕ್ಕೆ ಅರ್ಜಿ ಹಾಕಲು ಕೊನೆಯ ದಿನ ಯಾವಾಗ ಎಂದು ಕೇಳಿ. ಗಣಿತ ಬರುತ್ತಿದ್ದರೆ ಕೂತು ಎರಡು ಲೆಕ್ಕ ಹೇಳಿಕೊಡಿ. ಬಾರದಿದ್ದರೆ ಚಹಾ ಕುಡಿದು ಸುಮ್ಮನೆ ಎದ್ದು ಬನ್ನಿ.